ನಂಗೂ ಅಂದರೆ ಸಾಲದು

ಆಸ್ಪತ್ರೆಯ ಕಂಪ್ಯೂಟರ್ ಕೆಲಸವನ್ನೆಲ್ಲ ಹೊತ್ತ ಮೂರು ಹೋಸ್ಟ್ ಸರ್ವರ್‌ಗಳಲ್ಲಿ ಎರಡನೆಯದರ ದೀಪವೂ ಕೆಂಪಾದಾಗ ಸ್ಕ್ರಿಪ್ಟಮ್ಮನ ಎದೆ ಧಸಕ್ಕೆಂದಿತು.

ಆ ಹೆಸರು ಪಕ್ಕದಲ್ಲೇ ನಿಂತಿದ್ದ ಸಹೋದ್ಯೋಗಿ ಇಟ್ಟದ್ದು. ಬೇರೆಯವರು ದಿನವಿಡೀ ಮೌಸ್ ಒತ್ತಿ ಮಾಡುವುದನ್ನು ಅವಳು ಒಂದು ಸ್ಕ್ರಿಪ್ಟ್ ಬರೆದು ಮುಗಿಸಿಬಿಡುತ್ತಿದ್ದಳು. ದಾಖಲೆಗಳನ್ನೆಲ್ಲ ಕೂಡಿಡುವ ಸ್ಟೋರೇಜ್ ನೋಡಿಕೊಳ್ಳುವ ಅವನಿಗೆ ಅವಳಿಟ್ಟ ಹೆಸರು ಮೌನಿಬಾಬಾ. ಮಾತಿಗೆ ಅಷ್ಟು ಬಡತನ! ಮೊನ್ನೆ ಇದೇ ಸರ್ವರ್ ರೂಮಿನಲ್ಲಿ ನಾಚಿಕೆ ಬಿಟ್ಟು, "ನೀವಂದ್ರೆ ನಂಗಿಷ್ಟ" ಎಂದಿದ್ದಳು. "ನಂಗೂ" ಎಂದು ಪುಣ್ಯಾತ್ಮ ಕೇಬಲ್ ಸುತ್ತಿಕೊಂಡು ಹೊರಟೇಹೋಗಿದ್ದ. ಅದನ್ನೂ ಉತ್ತರ ಅನ್ನುತ್ತಾರೆಯೇ?

ಈಗ ಅದನ್ನೆಲ್ಲ ನೆನೆಯುವ ಹೊತ್ತಲ್ಲ. ಹೋಸ್ಟ್ ಮತ್ತು ಸ್ಟೋರೇಜ್ ಒಂದನ್ನೊಂದು ಗುರುತಿಸುವ ಪಾಸ್‌ವರ್ಡ್‌ಗಳನ್ನು ಬದಲಿಸಲು ಅವಳ ಸ್ಕ್ರಿಪ್ಟ್ ಓಡುತ್ತಿತ್ತು; ಅದು ಮುಟ್ಟಿದ ಎರಡು ಹೋಸ್ಟ್‌ಗಳಿಗೂ ಸ್ಟೋರೇಜ್ ಸಂಪರ್ಕ ತಪ್ಪಿತ್ತು. ಐಸಿಯು ಪರದೆಗಳಿಂದ ರಕ್ತನಿಧಿಯ ದಾಖಲೆಯವರೆಗೆ, ಆಸ್ಪತ್ರೆಯ ಕೆಲಸ ನಡೆಸುವ ವರ್ಚುವಲ್ ಮಷೀನ್‌ಗಳೆಲ್ಲ ಉಳಿದ ಒಂದೇ ಹೋಸ್ಟ್ ಮೇಲೆ ಬಂದು ಕೂತಿದ್ದವು. ಅದರ ಫ್ಯಾನ್‌ಗಳು ಕಿವಿ ತೂತಾಗುವಂತೆ ಅರಚುತ್ತಿದ್ದವು. ಅದೂ ಮಲಗಿದರೆ ದೇವರೇ ಗತಿ.

ಗೋಡೆಯ ಫೋನ್ ಹೊಡೆದುಕೊಳ್ಳತೊಡಗಿತು. ಇಬ್ಬರೂ ಎತ್ತಲಿಲ್ಲ.

"ಸ್ಕ್ರಿಪ್ಟ್ ನಿಲ್ಸಿ! ಮೂರನೇದಕ್ಕೂ ಕೈ ಹಾಕತ್ತೆ!" ಅವನು ಕೂಗಿದ.

"ನಿಲ್ಸಿದೀನಿ." ಅವಳು ಪರದೆಯ ಸಾಲುಗಳ ಮೇಲೆ ಬೆರಳೋಡಿಸಿದಳು. "ನಾನು ಕೊಟ್ಟ ಪಾಸ್‌ವರ್ಡ್ ಸ್ಟೋರೇಜ್‌ಗೆ ಹಾಕಿದ್ರಿ ತಾನೇ?"

"ಹಾಕಿದೆ."

"ನಿಮ್ಮ ಉತ್ತರಕ್ಕೆ ಅಂತ ಸ್ಕ್ರಿಪ್ಟಲ್ಲಿ ಜಾಗ ಬಿಟ್ಟಿದ್ನಲ್ಲ, ಅಲ್ಲಿ?"

"ಅಲ್ಲೂ ಅದನ್ನೇ."

"ಅಯ್ಯೋ! ಹೋಸ್ಟ್ ತನ್ನ ಗುಟ್ಟು ಹೇಳಿದ್ರೆ ಸ್ಟೋರೇಜ್ ತನ್ನದೇ ಬೇರೆ ಗುಟ್ಟು ಹೇಳ್ಬೇಕು. ಹೇಳಿದ್ದನ್ನೇ ವಾಪಸ್ ಹೇಳಿದ್ರೆ ಯಾರು ನಂಬ್ತಾರೆ? ಗಿಳಿಪಾಠ ಒಪ್ಪಿಸೋದು ನಿಮ್ಮ ಹುಟ್ಟುಗುಣನಾ?"

ಕೊನೆಯ ಮಾತು ಮಷೀನಿಗೆ ಹೇಳಿದ್ದಲ್ಲ ಎಂದು ಇಬ್ಬರಿಗೂ ತಿಳಿಯಿತು.

ಮೂರನೇ ಹೋಸ್ಟಿನ ದೀಪ ಹಳದಿಗೆ ತಿರುಗಿತು. ಅವನು ಕೀಬೋರ್ಡ್ ಎಳೆದುಕೊಂಡು ಒಂದೇ ಉಸಿರಿಗೆ ಸ್ಟೋರೇಜ್‌ಗೆ ಏನೋ ಟೈಪ್ ಮಾಡಿದ. ಆಮೇಲೆ ಅವಳ ಕಿವಿಯ ಹತ್ತಿರ ಬಗ್ಗಿದ. "ಸ್ಟೋರೇಜ್‌ನ ಗುಟ್ಟು ಬರ್ಕೊಳ್ಳಿ. ಜಾಕೆಟ್ ಇನ್ನೂ ತೊಳೆದಿಲ್ಲ. ನಡುವೆ ಜಾಗ ಬಿಡದೆ, ಇಂಗ್ಲಿಷ್ ಅಕ್ಷರದಲ್ಲಿ."

"ಯಾವ ಜಾಕೆಟ್?"

"ಮೊದಲನೇ ದಿನ ಇಲ್ಲಿ ಚಳಿ ಅಂತ ನಂದು ಹಾಕ್ಕೊಂಡಿದ್ರಲ್ಲ, ಅದು."

ಅವಳು ತಿರುಗಿ ನೋಡಿದಳು. ಅವನ ಕಿವಿ ಕೆಂಪಗಾಗಿತ್ತು.

"ನನ್ನ ಮುಖ ಆಮೇಲೆ ನೋಡಿ! ಟೈಪ್ ಮಾಡ್ರೀ!"

ಅಕ್ಷರ ಅಕ್ಷರಕ್ಕೂ ಜೀವ ಹಿಡಿದುಕೊಂಡು ಬರೆದಳು. ಎಂಟರ್ ಒತ್ತಿದಳು. ಪರದೆ ಎಷ್ಟೋ ಹೊತ್ತು ಸುಮ್ಮನಿತ್ತು. ಹಳದಿ ದೀಪ ಪಟಪಟನೆ ಬಡಿದುಕೊಳ್ಳುತ್ತಿತ್ತು.

ಮೊದಲನೆಯದು ಹಸಿರಾಯಿತು. ಆಮೇಲೆ ಎರಡನೆಯದು. ಹೊರೆ ಇಳಿದ ಮೂರನೆಯದರ ಫ್ಯಾನ್‌ಗಳ ಅರಚಾಟ ತಗ್ಗುತ್ತ ಬಂತು. ಫೋನ್ ಕೂಡ ಸುಮ್ಮನಾಯಿತು. ಅವನ ಏದುಸಿರು ಅವಳಿಗೆ ಕೇಳಿಸಿತು.

"ಪಾಸ್‌ವರ್ಡ್ ಬದಲಾಯಿಸ್ಬೇಕು," ಎಂದಳು ಪರದೆಯಿಂದ ಕಣ್ಣು ತೆಗೆಯದೆ. "ನಿಮ್ಮ ಗುಟ್ಟು ನಂಗೆ ಗೊತ್ತಾಗೋಯ್ತಲ್ಲ."

"ಗೊತ್ತಾಗ್ಲಿ ಅಂತಾನೇ ಹಾಕಿದ್ದು," ಎಂದ ಮೌನಿಬಾಬಾ.