ಆವತಿ ದಾರಿಯಲ್ಲಿ ಕೆಟ್ಟು ನಿಂತ ಕಾರು

ಮದುಮಗಳು ಕೆಳಗಿಳಿದರೆ ದೃಷ್ಟಿಯಾಗುತ್ತದೆ ಎಂದು ಮುನಿತಾಯಮ್ಮ ತಡೆಯದಿದ್ದರೆ ಕದಿರಮ್ಮ ಕಾರೊಳಗೆ ಸಿಕ್ಕಿಕೊಳ್ಳುತ್ತಲೇ ಇರಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಬಂದ ಹೊಸ ಮಾಡಲ್ ಕಾರು ಅದು. ಗಂಡ ಆದಿನಾರಾಯಣ ಬೆಂಗಳೂರಿನ ರೇಷ್ಮೆ ಅಂಗಡಿಯಲ್ಲಿ ಗುಮಾಸ್ತ. ಸಾಹುಕಾರರನ್ನು ಬೇಡಿ ಮದುವೆಗೆಂದು ತಂದಿದ್ದ. ಹೆಣ್ಣಿನ ಊರು ಸಾಸಲಿನಿಂದ ಗಂಡಿನ ಊರು ಆವತಿಗೆ ಹೊರಟು, ದೊಡ್ಡಬಳ್ಳಾಪುರ ದಾಟಿದ್ದೇ ಇಂಜಿನ್ ಕೆಮ್ಮಿ ನಿಂತಿತು. ಆದಿನಾರಾಯಣನೂ ಅವನ ಸೋದರತ್ತೆ ಮುನಿತಾಯಮ್ಮನೂ ಇಳಿದರು. ತಳ್ಳಿದರೆ ಕಾರು ಪಕ್ಕಕ್ಕೆ ಜಾರಿ ಚರಂಡಿಗೆ ವಾಲಿತು. ಒಂದು ಬಾಗಿಲು ಮಣ್ಣಿನ ದಿಬ್ಬಕ್ಕೆ ಒತ್ತಿಕೊಂಡಿತು, ಇನ್ನೊಂದು ಎಷ್ಟು ಜಗ್ಗಿದರೂ ಅಲುಗಲಿಲ್ಲ. ಮುಂದಿನ ಸೀಟಿಗೆ ದಾಟೋಣವೆಂದರೆ ನಡುವೆ ಗಾಜಿನ ಗೋಡೆ. ಕಿಟಕಿ ನಾಲ್ಕು ಬೆರಳಿನಷ್ಟು ಇಳಿದು ಅಲ್ಲೇ ಕಚ್ಚಿಕೊಂಡಿತು.

ಡ್ರೈವರ್ ಚಾಂದ್ ಪಾಷಾ ಹಗ್ಗ ತರಲು ಹತ್ತಿರದ ಹಳ್ಳಿಗೆ ಓಡಿದ. ಮುನಿತಾಯಮ್ಮ ಹೊಂಗೆ ಮರದ ನೆರಳಲ್ಲಿ ಕೂತು ಎಲೆ ಅಡಿಕೆ ಬಿಚ್ಚಿದಳು.

ಒಳಗೆ ಕದಿರಮ್ಮನಿಗೆ ಉಸಿರು ಕಟ್ಟುತ್ತಿತ್ತು. ಬಿಸಿಲಿಗೆ ಕಾದ ಸೀಟಿನ ವಾಸನೆ, ಕತ್ತಿಗೆ ಅಂಟಿದ ಜರಿ. ಅದಕ್ಕಿಂತ ಹೆಚ್ಚು ಚುಚ್ಚುತ್ತಿದ್ದದ್ದು ಬೆಳಗಿನ ಮಾತು. ಅಪ್ಪ ಆಂಜಿನಪ್ಪ ಎತ್ತಿನ ಕೊಂಬಿಗೆ ಬಣ್ಣ ಬಳಿದು, ಗಾಡಿಗೆ ಹೊಸ ಕಮಾನು ಕಟ್ಟಿ, ಮಗಳನ್ನು ತಾನೇ ಬಿಟ್ಟು ಬರುತ್ತೇನೆಂದು ನಿಂತಿದ್ದ. "ಗಾಡಿ ಬೇಡ ಮಾವ, ಕಾರಿದೆಯಲ್ಲ" ಅಂದುಬಿಟ್ಟ ಈ ಮಹಾರಾಯ. ಅಪ್ಪನ ಮುಖ ಇಷ್ಟೇ ಇಷ್ಟಾಗಿತ್ತು. ಕಾರಿಗಿಂತ ಎಷ್ಟೋ ಮೊದಲೇ ಅಪ್ಪ ಹೊಡೆದುಕೊಂಡು ಹೊರಟಿದ್ದ ಅದೇ ಗಾಡಿ ಈಗ ಪಾತ್ರೆ ಪೆಟ್ಟಿಗೆ ಹೊತ್ತು ಹಿಂದೆ ಬರುತ್ತಿತ್ತು. ಬಂದ ತಕ್ಷಣ ಹತ್ತಿ ವಾಪಸ್ ಹೋಗಿಬಿಡುವುದೆಂದು ಅವಳು ನಿಶ್ಚಯಿಸಿದಳು.

ಕಿಟಕಿಯ ಸಂದಿಯಲ್ಲಿ ಎರಡು ಕಣ್ಣು ಕಾಣಿಸಿದವು.

"ಸೆಕೆ ಆಗ್ತಿದೆಯಾ?"

"ಇಲ್ಲ. ನಂದಿಬೆಟ್ಟದ ಮೇಲೆ ಕೂತಂಗಿದೆ."

ಕಣ್ಣುಗಳು ನಕ್ಕವು. ಒದ್ದೆ ಮಾಡಿದ ಕರ್ಚೀಫು ಸಂದಿಯಿಂದ ಒಳಗೆ ಬಂತು. ತೆಗೆದುಕೊಳ್ಳುವಾಗ ಬೆರಳಿಗೆ ಬೆರಳು ತಾಗಿ, ಇಬ್ಬರೂ ಕೈ ಹಿಂದಕ್ಕೆ ಎಳೆದುಕೊಂಡರು.

"ಕೋಪಾನಾ?"

"ನಮ್ಮಪ್ಪನ ಗಾಡಿ ನಿಮಗೆ ಅವಮಾನ. ಅವರ ಮಗಳೂ ಅವಮಾನವೇ ಇರ್ಬೇಕು. ಗಾಡಿ ಬರ್ಲಿ, ಹೋಗ್ತೀನಿ."

ಕಣ್ಣುಗಳ ನಗು ಆರಿತು. ಅವನು ಮರದ ಕಡೆಗೊಮ್ಮೆ ನೋಡಿ, ಸಂದಿಗೆ ಬಾಯಿಟ್ಟು ಪಿಸುಗುಟ್ಟಿದ.

"ಗಾಡೀಲಿ ಬಂದಿದ್ರೆ ನಮ್ಮನೆ ಹೆಂಗಸ್ರೆಲ್ಲ ಹತ್ಕೊಳ್ತಿದ್ರು. ಆವತೀಲಿ ಮನೆ ತುಂಬಾ ಜನ. ನಿನ್ನ ಹತ್ರ ಎಲ್ಲಿ ಮಾತಾಡೋದು? ಕಾರಲ್ಲಾದ್ರೆ ನಾವಿಬ್ರೇ, ಡ್ರೈವರ್‌ಗೂ ಕೇಳ್ಸಲ್ಲ. ಅದಕ್ಕೇ ಸಾಹುಕಾರ್ರ ಕಾಲು ಹಿಡಿದೆ."

"ಮತ್ತೆ ಅತ್ತೆ?"

"ಯಾರು ಕರೆದ್ರು? ತಾವೇ ಹತ್ತಿ ನಡುವೆ ಕೂತ್ಬಿಟ್ರು."

ಬೇಡವೆಂದರೂ ಕದಿರಮ್ಮನಿಗೆ ನಗು ಬಂತು. "ಏನು ಮಾತಾಡ್ಬೇಕಿತ್ತು?"

"ಹೆಣ್ಣು ನೋಡೋಕೆ ಬಂದಾಗ ನನ್ನ ನೋಡಿ ನಕ್ಕೆಯಲ್ಲ, ಯಾಕೆ? ಆವತ್ತಿಂದ ನಿದ್ದೆ ಇಲ್ಲ ನನಗೆ."

"ನಿಮ್ಮ ಮೀಸೇಲಿ ಉಪ್ಪಿಟ್ಟು ಅಂಟಿತ್ತು." ಸ್ವಲ್ಪ ತಡೆದು, ಕರ್ಚೀಫಿನ ಅಂಚು ಸುತ್ತುತ್ತಾ ಹೇಳಿದಳು, "ನಾನೇ ಒರೆಸ್ಬೇಕು ಅನ್ನಿಸ್ತು."

ಹೊರಗೆ ಅವನ ಕೈ ಮೀಸೆಗೆ ಹೋಯಿತು. ಕಣ್ಣು ಮಾತ್ರ ಅಲ್ಲೇ ಇದ್ದವು.

"ಆದ್ರೆ ಇದೆಲ್ಲ ನಮ್ಮಪ್ಪನಿಗೆ ಹೇಗೆ ಗೊತ್ತಾಗ್ಬೇಕು?" ಎಂದಳು ಅವಳು.

ಹಗ್ಗ ಹಿಡಿದ ಪಾಷಾನನ್ನು ಕೂರಿಸಿಕೊಂಡು ಗಾಡಿ ಬಂತು. ಆಂಜಿನಪ್ಪ ಇಳಿದು ಬಂದ. ನೊಗ ಬಿಚ್ಚಿ, ಎತ್ತುಗಳನ್ನು ಕಾರಿಗೆ ಹೂಡಿ, "ಹೈ" ಅಂದ. ಕಾರು ನರಳಿ ಮೇಲೆ ಬಂತು. ಅಷ್ಟು ಹೊತ್ತು ಹಟ ಹಿಡಿದಿದ್ದ ಬಾಗಿಲು ತಾನಾಗಿ ತೆರೆದುಕೊಂಡಿತು.

ಆದಿನಾರಾಯಣ ಹೆಂಡತಿಯ ಕಡೆ ಬರಲಿಲ್ಲ. ನೇರ ಹೋಗಿ ಮಾವನ ಕಾಲು ಮುಟ್ಟಿದ. "ಬೆಳಗ್ಗೆ ನಿಮ್ಮ ಮನಸ್ಸು ನೋಯಿಸ್ಬಿಟ್ಟೆ ಮಾವ. ತಪ್ಪಾಯ್ತು."

"ಏಳಪ್ಪಾ, ಏಳು." ಮುದುಕನ ದನಿ ಮೆತ್ತಗಾಯಿತು. "ಎತ್ತು ಕೆಮ್ಮಿದ್ರೆ ಶುಂಠಿ ಅರೆದು ಹಾಕ್ತೀನಿ. ಇದಕ್ಕೇನು ಹಾಕ್ತೀಯ?"

ಪಾಷಾ ಪೆಟ್ರೋಲ್ ಪೈಪಿಗೆ ಬಾಯಿಟ್ಟು ಊದಿ ಕಸ ತೆಗೆದ. ಇಂಜಿನ್ ಗುರುಗುಟ್ಟಿತು.

"ಇದನ್ನ ನಂಬೋಕಾಗಲ್ಲ ಕಣವ್ವ. ಗಾಡಿ ಹತ್ತು," ಎಂದ ಆಂಜಿನಪ್ಪ.

ಕದಿರಮ್ಮ ಗಾಡಿ ನೋಡಿದಳು, ಕಾರು ನೋಡಿದಳು. ಹೊಂಗೆ ಮರದ ಕೆಳಗೆ ಹೋಗಿ ಮುನಿತಾಯಮ್ಮನ ಕೈ ಹಿಡಿದಳು. "ಅತ್ತೆ, ಆ ಕಾರಲ್ಲಿ ನಿಮ್ಮ ಸೊಂಟ ಹಿಡ್ಕೊಳ್ಳುತ್ತೆ. ಗಾಡೀಲಿ ಹುಲ್ಲಿನ ಮೇಲೆ ಹಾಯಾಗಿ ಬನ್ನಿ." ಮುನಿತಾಯಮ್ಮ ಸೊಸೆಯ ಒಳ್ಳೆ ಗುಣ ಹೊಗಳುತ್ತಲೇ ಗಾಡಿ ಹತ್ತಿದಳು.

"ಮತ್ತೆ ಕೆಟ್ಟು ನಿಂತ್ರೆ?" ಆಂಜಿನಪ್ಪನಿಗೆ ಇನ್ನೂ ಅನುಮಾನ.

ಕದಿರಮ್ಮ ಕಾರೊಳಗೆ ಕೂತು ಸೆರಗು ಎಳೆದುಕೊಂಡಳು.

"ನೀನು ನಿಧಾನಕ್ಕೆ ಬಾಪ್ಪ," ಎಂದಳು.