ತನ್ನ ಬೆನ್ನು ತಾನೇ ಕಂಡವನು

ಭಾನುವಾರ ಬೆಳಿಗ್ಗೆ ಅಣ್ಣ ತಿಂಡಿಗೆ ಬರಲಿಲ್ಲ. ತಂಗಿ ಮಹಡಿಯಿಂದ ಎರಡು ಸಲ ಕೂಗಿದರು. ಉತ್ತರವಿಲ್ಲ. ಗೊಣಗುತ್ತಲೇ ಇಳಿದು ಬಂದು ಕೆಳಗಿನ ಕೋಣೆಯ ಬಾಗಿಲು ತಳ್ಳಿದರು.

ಅಣ್ಣ ನೆಲದ ಮೇಲೆ ಬಿದ್ದಿದ್ದರು. ತಲೆಯ ಹಿಂಭಾಗದಲ್ಲಿ ರಕ್ತ. ಪಕ್ಕದಲ್ಲಿ ಒಂದು ಸ್ಟೂಲು ಮಗುಚಿತ್ತು. ಗೋಡೆಯಗಲದ ಪರದೆಯ ಮೇಲೆ ಯುದ್ಧವಿಮಾನವೊಂದು ಮೋಡದ ನಡುವೆ ಅಲುಗಾಡದೆ ನಿಂತಿತ್ತು.

ತಂಗಿಯ ಕಿರುಚಾಟಕ್ಕೆ ಬೀದಿಯೇ ಸೇರಿತು.

ಇನ್ಸ್‌ಪೆಕ್ಟರ್ ಬರುವಷ್ಟರಲ್ಲಿ ಮನೆಯ ಯಜಮಾನರಾದ ಅಣ್ಣನನ್ನು ಆಸ್ಪತ್ರೆಗೆ ಸಾಗಿಸಿದ್ದರು. ಜೀವವಿತ್ತು, ಪ್ರಜ್ಞೆ ಇರಲಿಲ್ಲ.

ಇನ್ಸ್‌ಪೆಕ್ಟರ್ ನಲವತ್ತು ದಾಟಿದ ಹೆಂಗಸು. ಏನು ಕಂಡರೂ ‘ಇದೇನು, ಇದು ಹೇಗೆ’ ಎಂದು ಕೆದಕುವ ಚಾಳಿ. ಆ ಚಾಳಿಯಿಂದ ಇಲಾಖೆಯಲ್ಲಿ ಹೆಸರನ್ನೂ ಗಳಿಸಿದ್ದರು, ಬೈಗುಳವನ್ನೂ ತಿಂದಿದ್ದರು. ಬಾಗಿಲಲ್ಲೇ ನಿಂತು ಕೋಣೆಯನ್ನೊಮ್ಮೆ ಕಣ್ಣಲ್ಲೇ ಜಾಲಾಡಿದರು.

ನಡುವೆ ವಿಮಾನದ್ದೇ ಅನ್ನಿಸುವ ಕುರ್ಚಿ. ಮುಂದೆ ನಿಯಂತ್ರಣದ ಕೋಲು, ಕೀಬೋರ್ಡ್, ಕಾಲ ಬಳಿ ಪೆಡಲು. ಎಡಗಡೆ ಮೇಜಿನಂಚಿನಲ್ಲಿದ್ದ ಥ್ರಾಟಲ್ ಕಿತ್ತುಬಂದಿತ್ತು. ಎಂಜಿನ್ನಿನ ವೇಗ ಏರಿಸುವ ಆ ಕಬ್ಬಿಣದ ಗಡ್ಡೆ ಈಗ ಮೇಜಿನ ಕೆಳಗೆ ಬಿದ್ದಿತ್ತು. ಯಾರೋ ಅವಸರದಲ್ಲಿ ಒರೆಸಿದ್ದರು. ಆದರೆ ಸ್ಕ್ರೂ ಹರಿದ ಕಡೆ ತಗಡು ಬ್ಲೇಡಿನಂತೆ ಎದ್ದಿತ್ತು. ಅದರ ಸಂದಿಯಲ್ಲಿ ಕೆಂಪು ಗೆರೆ.

“ಇದೆಲ್ಲ ಏನಮ್ಮಾ?”

“ಆಟ ಮೇಡಂ,” ಎಂದರು ತಂಗಿ, ಮೂಗೊರೆಸಿಕೊಳ್ಳುತ್ತ. “ಅಣ್ಣ ಯುದ್ಧವಿಮಾನ ಹಾರಿಸ್ತಿದ್ದವನು. ನಿವೃತ್ತಿ ಆದ್ಮೇಲೆ ಇದನ್ನ ಹಚ್ಚಿಕೊಂಡ. ಭಾನುವಾರ ಬಂತಂದ್ರೆ ಹಳೇ ಪೈಲಟ್‌ಗಳು ಬಂದು ಸೇರ್ತಾರೆ. ಅದಕ್ಕೇ ಬೆಳಿಗ್ಗೆಯೇ ಬಾಗಿಲು ತೆಗೆದಿಟ್ಟಿರ್ತಾನೆ.”

ಆಕೆಯ ಹಿಂದೆ ಮಗಳು ನಿಂತಿದ್ದಳು. ಇಪ್ಪತ್ತೆರಡರ ಹುಡುಗಿ. ಇದೇ ಆಟದ ಪಂದ್ಯಗಳಲ್ಲಿ ಕಪ್ ಗೆದ್ದವಳು. ಮನೆಯಲ್ಲಿ ಎಲ್ಲರೂ ಅವಳನ್ನು ಚಾಂಪಿಯನ್ ಎಂದೇ ಕರೆಯುತ್ತಿದ್ದರು. ಅವಳ ಕಣ್ಣು ಪರದೆಯಲ್ಲೇ ನೆಟ್ಟಿತ್ತು.

“ಏನು ನೋಡ್ತಿದೀಯಮ್ಮಾ?”

“ಮಾವ ಇದನ್ನ ಆಡಿಲ್ಲ ಮೇಡಂ.”

“ಹೇಗೆ ಹೇಳ್ತೀಯ?”

“ವಿಮಾನ ಹಿಂದಿನಿಂದ ಕಾಣ್ತಿದೆಯಲ್ಲ, ಇದು ಹೊರನೋಟ. ಅದಕ್ಕೆ ಬೇರೆ ಬಟನ್ ಇದೆ. ಮಾವ ಕಾಕ್‌ಪಿಟ್ ಒಳಗಿಂದ ಬಿಟ್ಟು ಬೇರೆ ಯಾವ ನೋಟದಲ್ಲೂ ಹಾರಿಸಲ್ಲ.”

ಇನ್ಸ್‌ಪೆಕ್ಟರ್ ಮಗುಚಿದ ಸ್ಟೂಲನ್ನು ನೋಡಿದರು. ಯಜಮಾನರು ಬಿದ್ದದ್ದು ಸ್ಟೂಲಿನಿಂದ. ಹಾಗಾದರೆ ಕುರ್ಚಿಯಲ್ಲಿ ಇನ್ನೊಬ್ಬರಿದ್ದರು. ಮೋಡದಲ್ಲಿ ವಿಮಾನ ಹಾರಿಸುತ್ತಿದ್ದವರು, ಹೊರನೋಟದ ಬಟನ್ ಒತ್ತಿದವರು.

* * *

ಎದುರುಮನೆಯವರು ಬೇಡವೆಂದರೂ ಬಾಯಿಬಿಟ್ಟರು. “ನಿನ್ನೆ ಸಂಜೆ ಮಾವನಿಗೂ ಸೋದರಸೊಸೆಗೂ ಜೋರು ಜಗಳ ಮೇಡಂ. ಹುಡುಗಿ ಬಾಗಿಲು ಬಡಿದ ಸದ್ದು ನಮ್ಮನೆಗೂ ಕೇಳಿಸ್ತು.”

ಈ ಮಾತು ತಂಗಿ ಹೇಳಿರಲಿಲ್ಲ. ಕೇಳಿದಾಗ ಮುಖ ಕಪ್ಪಿಟ್ಟಿತು. ಚಾಂಪಿಯನ್ ಮಾತ್ರ ಮುಚ್ಚಿಡಲಿಲ್ಲ.

“ಹೌದು, ಜಗಳ ಆಡಿದೆ. ‘ನೂರು ಸಲ ಸತ್ತು ನೂರು ಸಲ ಏಳೋ ನಿಮ್ಮದು ಹಾರಾಟವೇನೇ’ ಅಂದ್ರು ಮಾವ. ನನಗೆ ರೇಗಿತು. ರೇಗಿತು ಅಂತ ತಲೆ ಒಡೀತೀನಾ?”

“ಹೊರನೋಟ ಒತ್ತೋದು ನಿಮ್ಮಂಥ ಆಟಗಾರರೇ ಅಲ್ವಾ?”

ಹುಡುಗಿ ಒಳಗೆ ಹೋಗಿ ತನ್ನ ಕೀಬೋರ್ಡ್ ತಂದು ಮುಂದೆ ಹಿಡಿದಳು. ಒಂದು ಬಟನ್ ಇರಬೇಕಾದ ಜಾಗದಲ್ಲಿ ಬರೀ ಗುಳಿ.

“ಪಂದ್ಯದಲ್ಲಿ ಹೊರನೋಟ ಒತ್ತಿದ್ರೆ ಆಚೆಗೆ ಹಾಕ್ತಾರೆ. ಅಪ್ಪಿತಪ್ಪಿಯೂ ಬೆರಳು ಹೋಗಬಾರದು ಅಂತ ಕಿತ್ತೇ ಹಾಕಿದೀನಿ. ವರ್ಷಗಳೇ ಆಯ್ತು.”

ಗುಳಿಯ ತುಂಬ ಧೂಳು ಕೂತಿತ್ತು.

* * *

ಯಜಮಾನರ ಫೋನಿನಿಂದ ಅಂದು ಹೋದದ್ದು ಒಂದೇ ಕರೆ. ಅದು ಭಾನುವಾರ ಬರುವ ಪೈಲಟ್‌ಗಳಲ್ಲಿ ಗರುಡ ಎಂಬ ಅಡ್ಡಹೆಸರಿನವನಿಗೆ. ಅವನ ಬಳಿಗೆ ಹೋಗುವ ಮೊದಲು ಇನ್ಸ್‌ಪೆಕ್ಟರ್ ಯಜಮಾನರ ಹಳೆಯ ಜೊತೆಗಾರರನ್ನು ಹುಡುಕಿಕೊಂಡು ಆಸ್ಪತ್ರೆಗೆ ಬಂದರು. ಅವರೂ ಯುದ್ಧವಿಮಾನದ ಪೈಲಟ್ ಆಗಿದ್ದವರು. ಎಲ್ಲರ ಬಾಯಲ್ಲಿ ಅವರು ಮೀಸೆ.

“ನಿಜವಾದ ವಿಮಾನ ಹಾರಿಸಿದವರಿಗೆ ಈ ಆಟ ಹೇಗನ್ಸುತ್ತೆ ಸರ್?”

ವಿಷಯಕ್ಕೂ ಪ್ರಶ್ನೆಗೂ ಏನು ಸಂಬಂಧ ಎನ್ನುವಂತೆ ಮೀಸೆ ದುರುಗುಟ್ಟಿದರು. ಆಮೇಲೆ ಅವರಿಗೇ ನಗು ಬಂತು.

“ನನ್ನ ಮರ್ಯಾದೆ ಹೋದ ಕಥೆ ಕೇಳ್ತೀರಲ್ಲಮ್ಮಾ! ಇಪ್ಪತ್ತು ವರ್ಷ ಆಕಾಶದಲ್ಲಿ ಪಲ್ಟಿ ಹೊಡೆದೆ, ಒಂದಿನಾನೂ ವಾಂತಿ ಮಾಡ್ಲಿಲ್ಲ. ಇಲ್ಲಿ ಮೊದಲನೇ ದಿನವೇ ಬಕೆಟ್ ತರಿಸಬೇಕಾಯ್ತು. ಕಣ್ಣು ‘ತಿರುಗ್ತಿದೀಯ’ ಅನ್ನುತ್ತೆ, ಮೈ ‘ಕೂತಿದೀಯ’ ಅನ್ನುತ್ತೆ. ನಡುವೆ ಹೊಟ್ಟೆ ಪಾಡು ನಾಯಿಪಾಡು.”

“ಎಲ್ಲ ಪೈಲಟ್‌ಗಳಿಗೂ ಹೀಗೇನಾ?”

“ಬಹಳ ಜನಕ್ಕೆ. ಯಜಮಾನನಿಗೂ ವಾರಗಟ್ಟಲೆ ತಲೆ ಸುತ್ತಿತ್ತು. ನಮ್ಮ ಗರುಡ ಒಬ್ಬ ಬಿಟ್ಟು. ಗಟ್ಟಿಪಿಂಡ. ಮೊದಲನೇ ದಿನದಿಂದ ನಮ್ಮನ್ನೆಲ್ಲ ಹೊಡೆದು ಬೀಳಿಸ್ತಾನೆ.”

“ನೀವು ಹೊರನೋಟ ಒತ್ತೋದುಂಟಾ?”

“ತನ್ನ ಬೆನ್ನು ತನಗೆ ಕಾಣುತ್ತೇನಮ್ಮಾ? ವಿಮಾನದೊಳಗೆ ಕೂತವನಿಗೆ ವಿಮಾನ ಕಾಣೋದಿಲ್ಲ. ಆ ಬಟನ್ ಎಲ್ಲಿದೆ ಅಂತಲೂ ನನಗೆ ಗೊತ್ತಿಲ್ಲ.”

* * *

ಗರುಡ ಬಾಡಿಗೆ ಕೋಣೆಯಲ್ಲಿ ಸೂಟ್‌ಕೇಸ್ ತುಂಬುತ್ತಿದ್ದ. ನಲವತ್ತರ ಆಸುಪಾಸು, ಇಸ್ತ್ರಿ ಮುರಿಯದ ಅಂಗಿ. ಎರಡೂ ಕೈಗೆ ಪೈಲಟ್‌ಗಳು ಹಾಕುವ ತೆಳು ಗ್ಲೌಸ್.

“ಬೆಳಿಗ್ಗೆ ಯಜಮಾನರು ಫೋನ್ ಮಾಡಿದ್ರಲ್ಲ?”

“ಆಟಕ್ಕೆ ಬಾ ಅಂದ್ರು. ಸಾಮಾನು ಕಟ್ಟೋದಿದೆ, ಆಗಲ್ಲ ಅಂದೆ. ನಾಳೆಯಿಂದ ಫ್ಲೈಯಿಂಗ್ ಸ್ಕೂಲಲ್ಲಿ ಮುಖ್ಯ ತರಬೇತುದಾರ ನಾನು. ಆ ಕೆಲಸ ಕೊಡಿಸಿದ್ದೂ ಅವರೇ. ಪಾಪ, ದೇವರಂಥ ಮನುಷ್ಯ.”

“ಈ ಗ್ಲೌಸ್?”

“ಪೈಲಟ್‌ಗೆ ಇದು ಎರಡನೇ ಚರ್ಮ ಮೇಡಂ.”

“ನಿಜವಾದ ವಿಮಾನಕ್ಕೂ ಈ ಆಟಕ್ಕೂ ಎಷ್ಟು ವ್ಯತ್ಯಾಸ?”

“ಏನೇನೂ ಇಲ್ಲ,” ಎಂದ ಗರುಡ, ತಡವರಿಸದೆ. “ಮೇಲೆ ಹೋದ್ರೂ ಇಷ್ಟೇ.”

ಇನ್ಸ್‌ಪೆಕ್ಟರ್ ಮೆಟ್ಟಿಲಿಳಿಯುವಾಗ ಆ ಮಾತನ್ನೇ ಮೆಲುಕು ಹಾಕಿದರು. ಒಬ್ಬನಿಗೆ ಬಕೆಟ್ ಬೇಕಾಯಿತು. ಇನ್ನೊಬ್ಬನಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಇಬ್ಬರೂ ಒಂದೇ ಆಕಾಶದಿಂದ ಇಳಿದವರೇ?

* * *

ಮಧ್ಯಾಹ್ನ ಎಲ್ಲರನ್ನೂ ಯಜಮಾನರ ಆಟದ ಕೋಣೆಗೆ ಕರೆಸಿದರು. ಚಾಂಪಿಯನ್ ತನ್ನದೇ ಥ್ರಾಟಲ್ ತಂದು ಮೇಜಿಗೆ ಬಿಗಿದಳು. ಇನ್ಸ್‌ಪೆಕ್ಟರ್ ಅವಳ ಕಿವಿಯಲ್ಲಿ ಏನೋ ಹೇಳಿದರು. ಹುಡುಗಿ ತಲೆಯಾಡಿಸಿದಳು.

“ಮೋಡದೊಳಗೆ ವಿಮಾನ ಹಾರಿಸೋದು ಹೇಗೆ ಅಂತ ನಾನು ನೋಡಬೇಕು. ಪೈಲಟ್‌ಗಳು ನೀವಿಬ್ಬರು. ದಯವಿಟ್ಟು ತೋರಿಸಿ.”

ಮೊದಲು ಮೀಸೆ ಕೂತರು. ಎಲ್ಲರೂ ಪರದೆ ನೋಡಿದರೆ ಇನ್ಸ್‌ಪೆಕ್ಟರ್ ಮೀಸೆಯ ಕಾಲು ನೋಡುತ್ತಿದ್ದರು. ವಿಮಾನ ರಪ್ಪನೆ ತಿರುಗಿದಾಗ ತೊಡೆ ಕಲ್ಲಾಯಿತು. ಹೊಟ್ಟೆ ಒಳಗೆ ಹೋಯಿತು. ಉಸಿರು ‘ಹಕ್’ ಎಂದು ನಿಂತಿತು.

“ಯಾಕೆ ಸರ್ ಹಾಗೆ ಬಿಗಿ ಹಿಡೀತೀರಿ? ಕುರ್ಚಿ ಅಲ್ಲಾಡ್ತಾ ಇಲ್ಲವಲ್ಲ.”

“ಆಕಾಶದಲ್ಲಿ ಹೀಗೆ ಮಾಡದಿದ್ರೆ ರಕ್ತ ಕಾಲಿಗಿಳಿದು ಕಣ್ಣು ಕತ್ತಲೆ ಬರುತ್ತೆ. ಇಲ್ಲಿ ಬೇಡ ಅಂತ ನನಗೆ ಗೊತ್ತು, ಮೈಗೆ ಗೊತ್ತಿಲ್ಲ!” ಎಂದರು ಮೀಸೆ. ಮೋಡ ಕವಿಯಿತು. ಅವರ ಕಣ್ಣು ಮುಂದಿನ ಮೀಟರುಗಳಿಗೆ ಇಳಿಯಿತು. ಬೆವರುತ್ತ, ನಿಧಾನವಾಗಿ ವಿಮಾನವನ್ನು ಆಚೆಗೆ ತಂದರು.

ಆಮೇಲೆ ಗರುಡ. ಉಯ್ಯಾಲೆಯಲ್ಲಿ ಕೂತಂತೆ ಕೂತ. ಎಂಥ ತಿರುವಿಗೂ ಕಾಲು ಸಡಿಲ, ಉಸಿರು ಸರಾಗ. ಆಟ ಮಾತ್ರ ಬಲು ಸೊಗಸು. ಮೋಡ ಬಂತು. ಚಾಂಪಿಯನ್ ಪಕ್ಕದಿಂದ ಆಟದಲ್ಲಿ ಬಿರುಗಾಳಿ ಎಬ್ಬಿಸಿದಳು. ವಿಮಾನ ಗಿರಗಿರನೆ ಸುತ್ತತೊಡಗಿತು.

ಗರುಡನ ಕಿರುಬೆರಳು ಕೀಬೋರ್ಡಿಗೆ ಹಾರಿತು. ಟಕ್. ಏನೂ ಆಗಲಿಲ್ಲ. ಟಕ್, ಟಕ್, ಟಕ್. ಪರದೆಯಲ್ಲಿ ಬರೀ ಬಿಳಿ. ವಿಮಾನ ನೆಲಕ್ಕಪ್ಪಳಿಸಿತು.

“ಆ ಬಟನ್ ಕೆಲಸ ಮಾಡಲ್ಲ,” ಎಂದರು ಇನ್ಸ್‌ಪೆಕ್ಟರ್. “ನಾನೇ ಆಫ್ ಮಾಡಿಸಿದೆ. ಹೊರನೋಟ ಬೇಕಾಗಿತ್ತಾ?”

ಗರುಡನ ಬೆರಳು ಅಲ್ಲೇ ನಿಂತಿತು.

“ಕೈ ಜಾರಿತು ಮೇಡಂ.”

“ನಾಲ್ಕು ಸಲ ಜಾರಿತಾ?”

ಮೀಸೆ ಅವನನ್ನೇ ನೋಡುತ್ತ ನಿಧಾನವಾಗಿ ಕೇಳಿದರು. “ಅಲ್ಲಯ್ಯಾ, ಇಷ್ಟು ಭಾನುವಾರ ಬಂದಿದೀಯ. ಗ್ಲೌಸ್ ಹಾಕಿದ್ದು ಯಾವತ್ತೂ ನೋಡಿಲ್ಲ. ಇವತ್ತೇನು?”

“ತೆಗೀರಿ,” ಎಂದರು ಇನ್ಸ್‌ಪೆಕ್ಟರ್.

ಬಲಗೈಯದು ಸುಲಭವಾಗಿ ಬರಲಿಲ್ಲ. ಒಳಗೆ ಅಂಗೈಗೆ ಅಂಟಿತ್ತು. ಎಳೆದಾಗ ಹಸಿ ಗಾಯ ಕಂಡಿತು, ಬ್ಲೇಡಿನಲ್ಲಿ ಕೊಯ್ದಂತೆ ಅಡ್ಡಕ್ಕೆ.

“ಥ್ರಾಟಲ್ ಕಿತ್ತು ಎತ್ತಿದವನ ಕೈಯನ್ನ ಅದೇ ತಗಡು ಸೀಳಿದೆ. ಅಲ್ಲಿರೋ ರಕ್ತ ಪರೀಕ್ಷೆಗೆ ಹೋಗಿದೆ.” ಇನ್ಸ್‌ಪೆಕ್ಟರ್ ದನಿ ಏರಿಸಲಿಲ್ಲ. “ಮೋಡದಲ್ಲಿ ವಿಮಾನ ಹೇಗೆ ವಾಲಿದೆ ಅಂತ ತಿಳಿಯೋಕೆ ಕೊನೆಗೆ ಆಡಿದವರು ಹೊರನೋಟ ಒತ್ತಿದ್ರು. ನಿಜವಾದ ಪೈಲಟ್ ಒತ್ತಲ್ಲ, ಅಂಥ ಅಭ್ಯಾಸವೇ ಅವರಿಗಿಲ್ಲ. ಪಂದ್ಯದ ಆಟಗಾರ್ತಿ ಒತ್ತಲ್ಲ, ನಿಯಮ ಬಿಡಲ್ಲ. ಉಳಿದದ್ದು ಪೈಲಟ್ ವೇಷದ ಆಟಗಾರ. ನಿಮಗೆ ತಲೆ ಸುತ್ತಲಿಲ್ಲ, ಯಾಕಂದ್ರೆ ನಿಮ್ಮ ಮೈಗೆ ಆಕಾಶದ ನೆನಪೇ ಇರಲಿಲ್ಲ. ಯಜಮಾನರು ಅದನ್ನ ಕಂಡುಹಿಡಿದ್ರು. ಇವತ್ತು ಕರೆಸಿ ಮೋಡದಲ್ಲಿ ಪರೀಕ್ಷೆ ಮಾಡಿದ್ರು. ಅಲ್ವಾ?”

ಗರುಡ ಕುರ್ಚಿಯಿಂದ ಏಳಲಿಲ್ಲ. “ಒಂದಿನ ಕಳೆದಿದ್ರೆ ಸಾಕಾಗಿತ್ತು,” ಎಂದ. “ಕಲಿತುಬಿಡ್ತಿದ್ದೆ.”

“ಪಕ್ಕದಲ್ಲಿ ಕೂತ ಮಕ್ಕಳ ಜೀವ ಇಟ್ಟುಕೊಂಡು ಕಲೀತಿದ್ಯೇನೋ!” ಎಂದು ಗುಡುಗಿದರು ಮೀಸೆ.

ಸೂಟ್‌ಕೇಸಿನಲ್ಲಿ ಸಿಕ್ಕ ಪ್ರಮಾಣಪತ್ರಗಳೆಲ್ಲ ನಕಲಿ.

* * *

ಮೂರನೆಯ ದಿನ ಯಜಮಾನರು ಕಣ್ಣು ತೆರೆದರು. ತಲೆಗೆ ಸುತ್ತಿದ ಬಟ್ಟೆ ಹುಬ್ಬಿನವರೆಗೆ ಇಳಿದಿತ್ತು. ಚಾಂಪಿಯನ್ ಮಂಚದ ತುದಿಯಲ್ಲಿ ಕೂತು ಅವರ ಕಾಲೊತ್ತುತ್ತಿದ್ದಳು.

“ಅನುಮಾನ ಇದ್ದಮೇಲೆ ಒಬ್ಬನನ್ನೇ ಯಾಕೆ ಕರೆಸಿದ್ರಿ ಸರ್?” ಎಂದು ಕೇಳಿದರು ಇನ್ಸ್‌ಪೆಕ್ಟರ್.

“ನಾಲ್ಕು ಜನರ ಮುಂದೆ ಅವನ ಮಾನ ಯಾಕೆ ತೆಗೀಬೇಕು ಅಂತ. ನನ್ನ ಮಾತು ನಂಬಿ ಸ್ಕೂಲಿನವರು ಕೆಲಸ ಕೊಟ್ಟಿದ್ರು. ‘ಸಂಜೆಯೊಳಗೆ ನೀನೇ ಹೇಳ್ಬಿಡು, ಇಲ್ಲಾಂದ್ರೆ ನಾನು ಹೇಳ್ತೀನಿ’ ಅಂದೆ. ಸ್ಕೂಲಿಗೆ ಹೋಗೋದು ಬಿಡು, ಭಾನುವಾರ ಇಲ್ಲಿಗೆ ಬರೋದು ಮಾತ್ರ ಬಿಡಬೇಡ ಅಂತ ಹೇಳೋಣ ಅಂತಿದ್ದೆ. ಅಷ್ಟರಲ್ಲಿ...”

“ಮಾತು ಸಾಕು ಅಣ್ಣಾ,” ಎಂದು ತಂಗಿ ಗದರಿದರು.

ಯಜಮಾನರು ಇನ್ಸ್‌ಪೆಕ್ಟರ್ ಕಡೆಗೆ ಮೆಲ್ಲಗೆ ತಲೆ ತಿರುಗಿಸಿದರು.

“ನಮ್ಮಲ್ಲಿ ಒಬ್ಬನಿಗೂ ಅವನನ್ನ ಸೋಲಿಸೋಕೆ ಆಗ್ತಿರಲಿಲ್ಲ, ಗೊತ್ತಾ? ‘ನಾನು ಪೈಲಟ್ ಅಲ್ಲ, ಆಟಗಾರ’ ಅಂತ ಬಂದಿದ್ರೂ ಬಾಗಿಲು ತೆಗೀತಿದ್ದೆ.”