ಇಲವಾಲದಲ್ಲಿ ಕೆಟ್ಟು ನಿಂತ ಬಸ್ಸು

"ರೀ, ಅದು ನನ್ನ ಜಾಗ! ಕರ್ಚೀಫು ಹಾಕಿದ್ದು ಕಾಣಲಿಲ್ವಾ?"

ಸರ್ವಮಂಗಳಾಳ ಏರುದನಿಗೆ ಮೈಸೂರಿನಿಂದ ಹುಣಸೂರಿಗೆ ಹೊರಟ ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕುಳಿತಿದ್ದ ತರುಣ ತಲೆಯೆತ್ತಿದ. ಅವಳನ್ನು ಕಂಡದ್ದೇ ತಡ, ಅವನ ಮುಖ ಬಿಳಿಚಿಕೊಂಡಿತು! ದಡಬಡಿಸಿ ಎದ್ದು ಹಿಂದಿನ ಸೀಟಿಗೆ ಹೋದ.

'ತಪ್ಪಾಯ್ತು ಅನ್ನೋಕ್ಕೂ ಬಾಯಿಲ್ಲ... ಎಂಥ ಮನುಷ್ಯ!'

ಆ ಬೆಳಿಗ್ಗೆ ಅವಳಿಗೆ ಯಾವುದೂ ಸರಿಕಂಡಿರಲಿಲ್ಲ. ಬೆಟ್ಟದಪುರದ ಬೆಟ್ಟ ಹತ್ತಿ ಮಲ್ಲಿಕಾರ್ಜುನನ ದರ್ಶನ ಮಾಡೋಣ ಎಂದು, ಈಗ ಜೊತೆಯಲ್ಲೇ ಬಂದಿದ್ದ ಗೆಳತಿ ಪ್ರೇಮಲೀಲಾ ಜೀವ ಹಿಂಡಿದ್ದಳು. ಈ ವರ್ಷವಷ್ಟೇ ಸರ್ವಮಂಗಳಾ ಕಲಿಸುವ ಶಾಲೆಗೆ ಟೀಚರಾಗಿ ಬಂದು, ಆಕೆಗೆ ಒಡಹುಟ್ಟಿದವಳಿಗಿಂತ ಹೆಚ್ಚಾದವಳು ಅವಳು.

ಆದರೆ ಸರ್ವಮಂಗಳಾ ದೇವರಿಗೆ ಕೈಮುಗಿಯುವುದನ್ನೇ ಬಿಟ್ಟಿದ್ದಳು. ಹೋದ ವರ್ಷ ಹೆಣ್ಣು ನೋಡಲು ಬಂದವರು, 'ಹುಡುಗನಿಗೆ ಒಪ್ಪಿಗೆಯಿಲ್ಲ' ಎಂದು ಹೇಳಿಕಳಿಸಿದ್ದರು. ಅವಳ ಮನೆಯಿದ್ದ ಯಾದವಗಿರಿಯ ಬೀದಿಬೀದಿಯಲ್ಲೂ ಅದೇ ಮಾತಾಗಿತ್ತು.

ಇಲವಾಲದ ಹತ್ತಿರ ಬಸ್ಸು ಕೆಮ್ಮಿ ಕೆಮ್ಮಿ ನಿಂತೇಹೋಯಿತು.

"ಇನ್ನು ಇದು ಏಳಾಕಿಲ್ಲ ಬುಡ್ರವ್ವ, ಇಳ್ಕಳಿ," ಎಂದ ಕಂಡಕ್ಟರ್ ಕಾಳಯ್ಯ.

"ನೋಡ್ದೇನೇ ನಿನ್ನ ದೇವರನ್ನ? ಬಾ ಅಂತ ಕರೆದು ಬಾಗಿಲು ಹಾಕ್ಕೊಂಡ!" ಎಂದು ಸರ್ವಮಂಗಳಾ ಗೆಳತಿಯ ಮೇಲೆ ಹರಿಹಾಯ್ದಳು.

ಪ್ರೇಮಲೀಲಾ ಮರದ ಕೆಳಗೆ ನಿಂತಿದ್ದ ಆ ತರುಣನನ್ನು ಕರೆದಳು. "ಮಂಗಳಾ... ಇವನು ನಮ್ಮ ದೊಡ್ಡಪ್ಪನ ಮಗ, ಪ್ರಭುಸ್ವಾಮಿ. ಹೋದ ವರ್ಷ ನಿಮ್ಮನೆಗೆ ಬಂದಿದ್ನಲ್ಲ... ಇವನೇ."

ಸರ್ವಮಂಗಳಾಳ ಮೈಯೆಲ್ಲ ಉರಿದುಹೋಯಿತು. ಅಂದು ಅವಳು ತಗ್ಗಿಸಿದ ತಲೆ ಎತ್ತಿರಲೇ ಇಲ್ಲ. ಅವನ ಮುಖ ನೋಡಿದ್ದರಲ್ಲವೇ ಗುರುತು ಹಿಡಿಯುವುದು!

"ಗೊತ್ತಿದ್ದೂ ಕರ್ಕೊಂಡು ಬಂದೆಯಾ? ನೀನು ಗೆಳತೀನಾ?"

ಅವಳು ಬಿರಬಿರನೆ ಮೈಸೂರಿನ ಕಡೆಗೆ ನಡೆದೇಬಿಟ್ಟಳು. ಬಿಸಿಲು ನೆತ್ತಿ ಸುಡುತ್ತಿತ್ತು. ಹಿಂದಿನಿಂದ ಪ್ರೇಮಲೀಲಾ ಕೂಗುತ್ತಲೇ ಬರುತ್ತಿದ್ದಳು. ತಿರುಗಿ ನೋಡಬಾರದು... ನೋಡಲೇಬಾರದು!

ಹೂಟಗಳ್ಳಿ ಹತ್ತಿರವಾಗುವಾಗ ಕೂಗು ನಿಂತಿತು. ಅವಳು ತಟ್ಟನೆ ತಿರುಗಿದಳು. ಪ್ರೇಮಲೀಲಾ ರಸ್ತೆಯಂಚಿನಲ್ಲಿ ಕುಸಿದು ಕುಳಿತಿದ್ದಳು. ಬರಿಗಾಲು! ಅಂಗಾಲ ತುಂಬ ಬೊಬ್ಬೆ.

"ಚಪ್ಪಲಿ ಎಲ್ಲೇ?"

"ಮನೇಲೇ ಬಿಟ್ಟು ಬಂದೆ. ಬರಿಗಾಲಲ್ಲಿ ಬೆಟ್ಟ ಹತ್ತೀನಿ ಅಂತ ಹರಕೆ ಹೊತ್ತಿದ್ದೆ ಕಣೇ, ನಿನಗೋಸ್ಕರ. ನೀನು ಕೇಳ್ಕೊಳ್ಳೋದು ಬಿಟ್ಟೆಯಲ್ಲ... ನಿನ್ನ ಪಾಲಿಂದೂ ನಾನೇ ಕೇಳ್ಕೊಂಡೆ."

ಸರ್ವಮಂಗಳಾ ಗೆಳತಿಯ ಕಾಲು ಹಿಡಿದು ಬಿಕ್ಕಿಬಿಕ್ಕಿ ಅತ್ತಳು. 'ನಾನು ಬಿಟ್ಟರೂ ಆ ದೇವರು ನನ್ನನ್ನು ಬಿಟ್ಟಿರಲಿಲ್ಲವೇ...'

ಅಷ್ಟರಲ್ಲಿ ಪ್ರಭುಸ್ವಾಮಿ ಒಂದು ಎತ್ತಿನಗಾಡಿ ಹಿಡಿದು ತಂದ.

"ನನ್ನಲ್ಲಿ ಏನು ಕೊರತೆ ಕಂಡ್ರಿ?" ಕೇಳಿಯೇಬಿಟ್ಟಳು.

"ಕೊರತೆನಾ? ನೀವು ಒಂದ್ಸಲಾನೂ ತಲೆ ಎತ್ತಲಿಲ್ಲ, ಕೈ ನಡುಗ್ತಿತ್ತು. ಹುಡುಗಿಗೆ ಮನಸ್ಸಿಲ್ಲವೇನೋ, ಬಲವಂತ ಬೇಡ, ಅವರನ್ನೇ ಕೇಳಿ ಅಂದೆ. ದೊಡ್ಡೋರು ಅದನ್ನೇ ಹುಡುಗನಿಗೆ ಒಪ್ಪಿಗೆಯಿಲ್ಲ ಅಂತ ಮಾಡಿಬಿಟ್ರು. ಮೊನ್ನೆ ಪ್ರೇಮಾ ಬೈದಾಗಲೇ ನನಗೂ ಗೊತ್ತಾಗಿದ್ದು."

ಒಂದು ವರ್ಷದ ಕಣ್ಣೀರು... ಯಾರೂ ಅವಳನ್ನು ಒಂದು ಮಾತು ಕೇಳಲಿಲ್ಲವೆಂಬುದಕ್ಕೆ! ಸಿಟ್ಟು ಯಾರ ಮೇಲೆಂದು ತಿಳಿಯದೆ ಅವಳು ದಾರಿಯುದ್ದಕ್ಕೂ ಕುದಿದಳು; ಅವಳ ಮನಸ್ಸು ಕೇಳಿ ಎಂದವನು ಇವನೊಬ್ಬನೇ. ಗೆಳತಿಯ ಪಾದ ಅವಳ ಮಡಿಲಲ್ಲೇ ಇತ್ತು.

ಯಾದವಗಿರಿಯ ಮನೆಯ ಗೇಟಿನ ಬಳಿ ಗಾಡಿ ನಿಂತಿತು. ಪ್ರಭುಸ್ವಾಮಿ ಮೆಲ್ಲಗೆ ಹೇಳಿದ:

"ನಾನು ಹೊರಡ್ತೀನಿ. ನಿಮಗೆ ಇವತ್ತು ಬಹಳ ನೋವಾಯ್ತು."

"ನಿಲ್ಲಿ! ಒಳಗೆ ಬನ್ನಿ. ಅಪ್ಪಾಜಿಗೆ ನಾನೇ ಹೇಳ್ತೀನಿ."

"ಏನಂತ?"

"ಹುಡುಗಿಗೆ ಒಪ್ಪಿಗೆ ಇದೆ ಅಂತ!"

ಅವನ ಕಣ್ಣು ತುಂಬಿಬಂತು. "ಈ ಸಲ ಕೈ ನಡುಗ್ತಿಲ್ಲ ತಾನೇ?"

"ನಡುಗ್ತಿದೆ... ಹಿಡ್ಕೊಳ್ಳಿ."